ಹುಡುಗನಿಗೊಂದು ಶಾಲೆ, ಹುಡುಗಿಗೊಂದು ಶಾಲೆ

ಕೇಳುಗರೆಲ್ಲರಿಗೂ ನಮಸ್ಕಾರ. ಹೆಣ್ಣುಮಕ್ಕಳಿಗೆ ಇಂಗ್ಲಿಷಿನ ಮೋಹ ಹೆಚ್ಚು ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ನಾನಂತೂ ಕೇಳಿ ಕೇಳಿ ಬೇಸತ್ತಿದ್ದೇನೆ. ದಯವಿಟ್ಟು ಮೋಹದ ಮಾತನ್ನು ಬಿಡಿ. ಆ ಹುಡುಗಿಗೆ ಕೆಲಸ ಎಲ್ಲಿ ಸಿಗುತ್ತದೆ, ಅದನ್ನು ಕೊಡಿಸುವವರು ಯಾರು ಎಂದು ನೋಡಿ.

ಮುಂಬಯಿಯ ದಾದರಿನ ಕಥೆ ಹೇಳುತ್ತೇನೆ. ಕೈವನ್ ಮುನ್ಶಿ ಮತ್ತು ಮಾರ್ಕ್ ರೋಸೆನ್‌ಜ್ವೈಗ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಲ್ಲಿ ಒಂದು ಅಧ್ಯಯನ ನಡೆಸಿ 2006ರಲ್ಲಿ ಪ್ರಕಟಿಸಿದರು. ಸುಮಾರು ಇಪ್ಪತ್ತು ವರ್ಷಗಳಲ್ಲಿ ಒಂದನೆಯ ತರಗತಿಗೆ ಸೇರಿದ ಮಕ್ಕಳಲ್ಲಿ ಯಾರು ಮರಾಠಿ ಮಾಧ್ಯಮಕ್ಕೆ ಹೋದರು, ಯಾರು ಇಂಗ್ಲಿಷ್ ಮಾಧ್ಯಮಕ್ಕೆ ಹೋದರು ಎಂಬುದು ಅವರ ಪ್ರಶ್ನೆ. ಆ ನಗರದ ಗಿರಣಿಗಳಲ್ಲಿ, ಬಂದರಿನಲ್ಲಿ, ಕಾರ್ಖಾನೆಗಳಲ್ಲಿ ಕೆಲಸ ಸಿಗುತ್ತಿದ್ದದ್ದು ಬಹುಮಟ್ಟಿಗೆ ಜಾತಿಬಳಗದ ಮೂಲಕ. ಚಿಕ್ಕಪ್ಪನೋ ಮಾವನೋ ಒಂದು ಮಾತು ಹೇಳಿದರೆ ಹುಡುಗನಿಗೆ ಜಾಗ ಸಿಗುತ್ತಿತ್ತು. ಅದಕ್ಕೆ ಇಂಗ್ಲಿಷ್ ಬೇಕಿರಲಿಲ್ಲ, ಮರಾಠಿ ಸಾಕಿತ್ತು. 1991ರ ಆರ್ಥಿಕ ಸುಧಾರಣೆಯ ನಂತರ ಇಂಗ್ಲಿಷ್ ಬಲ್ಲವರ ಸಂಬಳ ಏರತೊಡಗಿತು. ಆದರೂ ಶ್ರೇಣಿಯಲ್ಲಿ ಕೆಳಗಿನವೆನಿಸಿಕೊಂಡ ಜಾತಿಗಳ ಗಂಡುಮಕ್ಕಳು ಹೆಚ್ಚಾಗಿ ಮರಾಠಿ ಶಾಲೆಗೇ ಹೋದರು. ಕೆಲಸ ಕೊಡಿಸುತ್ತಿದ್ದ ಬಳಗವೇ ಅವರನ್ನು ಕಟ್ಟಿಹಾಕಿತ್ತು. ಹೆಣ್ಣುಮಕ್ಕಳ ಪಾಡೇನು? ಗಿರಣಿಯ ಬಾಗಿಲಲ್ಲಿ ಅವರ ಪರವಾಗಿ ಮಾತಾಡುವ ಚಿಕ್ಕಪ್ಪ ಎಂದೂ ಇರಲಿಲ್ಲ. ಆ ಬಳಗದಿಂದ ಅವರಿಗೆ ಬರುವಂಥದ್ದೇನೂ ಇರಲಿಲ್ಲವಾದ್ದರಿಂದ ಕಳೆದುಕೊಳ್ಳುವ ಅಂಜಿಕೆಯೂ ಇರಲಿಲ್ಲ. ಅವರು ಇಂಗ್ಲಿಷ್ ಶಾಲೆಯತ್ತ ಹೊರಳಿದರು. ಅದೇ ಜಾತಿ, ಅದೇ ಮನೆಮಾತು, ಆದರೆ ಹುಡುಗನಿಗೊಂದು ಶಾಲೆ, ಹುಡುಗಿಗೊಂದು ಶಾಲೆ! ಇದರಲ್ಲಿ ಮೋಹ ಎಲ್ಲಿದೆ, ಹೇಳಿ?

ಇಂಗ್ಲಿಷೇ ಇಲ್ಲದ ಕಡೆಯೂ ಇದನ್ನು ಕಾಣಬಹುದು. ಆಸ್ಟ್ರಿಯಾದ ಓಬರ್ವಾರ್ಟ್ ಎಂಬ ಊರು 1921ರವರೆಗೆ ಹಂಗೇರಿಗೆ ಸೇರಿತ್ತು. ಅಲ್ಲಿಯ ರೈತರ ಮಾತು ಹಂಗೇರಿಯನ್, ಕಾರ್ಖಾನೆ ಮತ್ತು ಪೇಟೆಯ ಮಾತು ಜರ್ಮನ್. 1970ರ ದಶಕದಲ್ಲಿ ಸೂಸನ್ ಗಾಲ್ ಎಂಬ ಮಾನವಶಾಸ್ತ್ರಜ್ಞೆ ಅಲ್ಲಿ ಕಂಡದ್ದೇನು? ಯುವತಿಯರು ಯುವಕರಿಗಿಂತ ಬೇಗ ಜರ್ಮನ್ ಕಡೆಗೆ ವಾಲಿದ್ದರು. ಹೊಲ ಗಂಡಸಿನ ಕೈಯಲ್ಲಿತ್ತು, ಹೊಲದ ಮನೆಯ ದುಡಿಮೆ ಹೆಂಗಸಿನ ಹೆಗಲ ಮೇಲಿತ್ತು. ರೈತನ ಹೆಂಡತಿಯಾಗಲು ಅವರಿಗೆ ಮನಸ್ಸಿರಲಿಲ್ಲ.

ಸಮಯ ಮುಗಿಯುತ್ತ ಬಂತು. ಶುಲ್ಕ ಕಟ್ಟಬೇಕಾದಲ್ಲಿ ಮಗನನ್ನು ಇಂಗ್ಲಿಷ್ ಶಾಲೆಗೂ ಮಗಳನ್ನು ಸರ್ಕಾರಿ ಶಾಲೆಗೂ ಕಳಿಸುವವರಿದ್ದಾರೆ. ದಾದರಿಗೆ ಇದು ತದ್ವಿರುದ್ಧವಾಗಿ ಕಂಡರೂ ಅಲ್ಲಿಯೂ ಕೇಳಬೇಕಾದ್ದು ಅದನ್ನೇ: ಯಾರ ದುಡಿಮೆಯ ಮೇಲೆ ಮನೆ ಭರವಸೆ ಇಟ್ಟಿದೆ?

ಸಮೀಕ್ಷೆಗೆ ಹೊರಡುವ ವಿದ್ಯಾರ್ಥಿಗಳಿಗೆ ನನ್ನ ಕೋರಿಕೆ ಇಷ್ಟು. ‘ನಿಮಗೆ ಇಂಗ್ಲಿಷ್ ಇಷ್ಟವೇ?’ ಎಂದು ಕೇಳಿ ಎದ್ದು ಬರಬೇಡಿ. ಮೊದಲ ಕೆಲಸ ಯಾರ ಮೂಲಕ ಸಿಕ್ಕಿತು, ಅಲ್ಲಿ ಯಾವ ಭಾಷೆ ಬೇಕಾಯಿತು ಎಂದು ಕೇಳಿ. ಅಣ್ಣನನ್ನೂ ತಂಗಿಯನ್ನೂ ಬೇರೆ ಬೇರೆ ಕೂರಿಸಿ ಕೇಳಿ. ನಮಸ್ಕಾರ.