ಬಿಡಿಸುವ ಮೊದಲು ಓದೋಣ

ಗೆಳೆಯರೇ, ನಮಸ್ಕಾರ.

ಇಲ್ಲಿರುವ ನಾವೆಲ್ಲ ಬಿಎಸ್ಸಿ ಮಕ್ಕಳಿಗೆ ಡಿಫರೆನ್ಷಿಯಲ್ ಈಕ್ವೇಶನ್, ಅಂದರೆ ಒಂದು ಪರಿಮಾಣ ಎಷ್ಟು ಬೇಗ ಬದಲಾಗುತ್ತದೆ ಅಂತ ಹೇಳುವ ಅವಕಲ ಸಮೀಕರಣ, ಪಾಠ ಮಾಡುವವರು. ನನಗೆ ಹೇಗೆ ಕಲಿಸಿದ್ದರೋ ಹಾಗೇ ನಾನೂ ಬಹಳ ವರ್ಷ ಕಲಿಸಿದೆ. ಮೊದಲು ಆರ್ಡರ್, ಡಿಗ್ರಿ. ಆಮೇಲೆ ಸೆಪರೇಬಲ್, ಹೋಮೋಜೀನಿಯಸ್, ಎಕ್ಸಾಕ್ಟ್, ಬರ್ನೂಲಿ ಅಂತ ಸಮೀಕರಣದ ಬಗೆಗಳು. ಒಂದೊಂದಕ್ಕೂ ಒಂದೊಂದು ಉಪಾಯ. ಮಕ್ಕಳು ಲೆಕ್ಕವನ್ನೇನೋ ಚೆನ್ನಾಗಿಯೇ ಮಾಡುತ್ತಿದ್ದರು.

ಒಂದು ದಿನ ಕಾಫಿಯ ಪ್ರಶ್ನೆ ಕೇಳಿದೆ. ಕೋಣೆಯ ಉಷ್ಣತೆ 30 ಡಿಗ್ರಿ. ಲೋಟದ ಕಾಫಿ 90 ಡಿಗ್ರಿ ಇತ್ತು, 10 ನಿಮಿಷದಲ್ಲಿ 60ಕ್ಕೆ ಇಳಿಯಿತು. ಇನ್ನೂ 10 ನಿಮಿಷ ಬಿಟ್ಟರೆ? ಪೆನ್ನು ಮುಟ್ಟದೆ ಹೇಳಿ ಎಂದೆ. ‘30, ಸರ್’ ಎಂದರು ಬಹಳ ಜನ. ಅದೇ ವಾರ, ಬಿಸಿ ವಸ್ತು ಹೇಗೆ ಆರುತ್ತದೆ ಅನ್ನುವ ನ್ಯೂಟನ್ನನ ನಿಯಮವನ್ನು ಇಂಟಿಗ್ರೇಟ್ ಮಾಡಿ ಸರಿಯಾಗಿ ಬರೆದವರೂ ಅವರೇ. ಕೋಣೆಗೂ ಕಾಫಿಗೂ ಇರುವ ಅಂತರ 60 ಇದ್ದದ್ದು 30 ಆಗಿದೆ. ಇನ್ನು ಮುಂದಿನ 10 ನಿಮಿಷಕ್ಕೆ ಅದರಲ್ಲೂ ಅರ್ಧ, 15. ಅಂದರೆ ಕಾಫಿ 45 ಡಿಗ್ರಿ. ಸಮೀಕರಣ ಹೇಳುವುದು ಇಷ್ಟೇ: ಅಂತರ ಜಾಸ್ತಿ ಇದ್ದರೆ ಬೇಗ ಆರುತ್ತದೆ, ಕಡಿಮೆಯಾದಂತೆ ನಿಧಾನ. ಆ ಮಾತು ಮಕ್ಕಳ ಕಿವಿಗೆ ಬಿದ್ದೇ ಇರಲಿಲ್ಲ. ನಾನು ಅದನ್ನು ಹೇಳಿಯೇ ಇರಲಿಲ್ಲ.

ಈಗ ಮೊದಲ ಎರಡು ವಾರ ನಾನು ಒಂದು ಸಮೀಕರಣವನ್ನೂ ಬಿಡಿಸುವುದಿಲ್ಲ. ಗ್ರಾಫ್ ಹಾಳೆಯ ಮೇಲೆ ಪುಟ್ಟ ಪುಟ್ಟ ಗೆರೆ ಎಳೆಸುತ್ತೇನೆ. ಈ ಬಿಂದುವಿನಲ್ಲಿ ಇಳಿಜಾರು ಎಷ್ಟು, ಆ ಬಿಂದುವಿನಲ್ಲಿ ಎಷ್ಟು? ಗೆರೆ ತುಂಬಿದ ಮೇಲೆ ಪರಿಹಾರ ಎತ್ತ ಹರಿಯುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಆಮೇಲೆ ಗಣಿತಜ್ಞ ಆಯ್ಲರ್ 1768ರಲ್ಲಿ ಬರೆದಿಟ್ಟ, ಒಂದೊಂದೇ ಪುಟ್ಟ ಹೆಜ್ಜೆ ಇಟ್ಟು ಲೆಕ್ಕ ಹಾಕುವ ವಿಧಾನ. ಕಾಫಿಗೆ ನಿಮಿಷಕ್ಕೆ ಅಂತರದ ನೂರರಲ್ಲಿ 7 ಪಾಲು ಅಂತ ಇಟ್ಟುಕೊಂಡರೆ, ಮೊದಲ ನಿಮಿಷಕ್ಕೆ 4.2 ಡಿಗ್ರಿ ಇಳಿದು 85.8. ಅಲ್ಲಿಂದ ಮತ್ತೆ ಲೆಕ್ಕ ಹಾಕಿದರೆ ಸುಮಾರು 81.9. ಒಂದು ಕ್ಯಾಲ್ಕುಲೇಟರ್ ಸಾಕು.

ಎಕ್ಸಾಕ್ಟ್ ಸಮೀಕರಣಕ್ಕೆ ನಾವು ಕೊಡುವ ಸಮಯ ಜಾಸ್ತಿಯಾಯಿತು ಅನ್ನುವುದು ನನ್ನ ಅಭಿಪ್ರಾಯ. ಪರೀಕ್ಷೆಗೆ ಬರುತ್ತದೆ, ಬಿಡಲಾಗುವುದಿಲ್ಲ, ನಿಜ. ಆದರೆ ಸ್ಪ್ರಿಂಗ್, ಸರ್ಕ್ಯೂಟ್ ಎಲ್ಲದರಲ್ಲೂ ಎದುರಾಗುವುದು ಸ್ಥಿರ ಸಹಗುಣಕಗಳ ಲೀನಿಯರ್ ಸಮೀಕರಣ. ಉಳಿಸಿದ ಸಮಯ ಅಲ್ಲಿಗೆ ಹೋಗಲಿ.

ಅಲ್ಲೇ ರೆಸೊನೆನ್ಸ್, ಅಂದರೆ ವಸ್ತುವಿನ ಸಹಜ ತಾಳಕ್ಕೆ ಸರಿಯಾಗಿ ತಳ್ಳಿದರೆ ತೂಗಾಟ ಹೆಚ್ಚುವುದು, ಬರುತ್ತದೆ, ಜೊತೆಗೆ ಅಮೆರಿಕದ ಟಕೋಮಾ ಸೇತುವೆಯೂ. ಅದು 1940ರ ನವೆಂಬರ್ 7ರಂದು ಗಾಳಿಗೆ ತಿರುಚಿ ಕುಸಿಯಿತು. ರೆಸೊನೆನ್ಸ್‌ನಿಂದಲೇ ಬಿತ್ತು ಅಂತ ನಾನೂ ಹೇಳುತ್ತಿದ್ದೆ. ದಯವಿಟ್ಟು ಅದನ್ನು ನಿಲ್ಲಿಸೋಣ. ಹೊರಗಿನಿಂದ ತಾಳಕ್ಕೆ ಸರಿಯಾಗಿ ಯಾರೂ ತಳ್ಳುತ್ತಿರಲಿಲ್ಲ. ಸೇತುವೆಯ ತಿರುಚಾಟವೇ ಒಂದೇ ಸಮನೆ ಬೀಸುವ ಗಾಳಿಯಿಂದ ಶಕ್ತಿ ಎಳೆದುಕೊಂಡು ತಾನೇ ಬೆಳೆಯಿತು. ತೂಗಾಟವನ್ನು ಕುಗ್ಗಿಸಬೇಕಾದ ಡ್ಯಾಂಪಿಂಗ್ ಋಣವಾಗಿ ಅದನ್ನೇ ಬೆಳೆಸಿದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಾ?

ನನಗೆ ಬಹಳ ಇಷ್ಟವಾದದ್ದು ಈ ನೀರಿನ ಬಾಟಲಿ. ಗೋಡೆ ನೇರ ಇದೆ, ತಳದಲ್ಲಿ ಸಣ್ಣ ತೂತು. ಇಟಲಿಯ ವಿಜ್ಞಾನಿ ಟಾರಿಚೆಲ್ಲಿ ಹೇಳಿದಂತೆ ನೀರು ಇಳಿಯುವ ವೇಗ ನೀರಿನ ಎತ್ತರದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಪೂರ್ತಿ ಖಾಲಿಯಾಗಲು ಹಿಡಿಯುವ ಸಮಯದ ಅರ್ಧದಲ್ಲೇ ಮುಕ್ಕಾಲು ನೀರು ಹೋಗಿರುತ್ತದೆ. ಮಕ್ಕಳು ಮೊದಲು ನಂಬುವುದಿಲ್ಲ, ಗಡಿಯಾರ ಹಿಡಿದು ನೋಡುತ್ತಾರೆ.

ಬಾಟಲಿ ಖಾಲಿಯಾದ ಮೇಲೆ ಇನ್ನೊಂದು ಪ್ರಶ್ನೆ ಇಡುತ್ತೇನೆ. ಈಗ ಒಳಗೆ ಬಂದವರು ಇದು ಯಾವಾಗ ಖಾಲಿಯಾಯಿತು ಅಂತ ಹೇಳಬಲ್ಲರಾ? ಐದು ನಿಮಿಷದ ಹಿಂದೆಯೋ, ನಿನ್ನೆಯೋ? ಹೇಳಲಾಗುವುದಿಲ್ಲ, ಅಲ್ವಾ. ಸೊನ್ನೆ ಎತ್ತರದಿಂದ ಹಿಂದಕ್ಕೆ ಹೋದರೆ ಪರಿಹಾರ ಒಂದೇ ಅಲ್ಲ, ಬೇಕಾದಷ್ಟು. ವರ್ಗಮೂಲದ ಇಳಿಜಾರು ಅಲ್ಲಿ ಅನಂತಕ್ಕೆ ಹೋಗುವುದರಿಂದ ಪರಿಹಾರ ಒಂದೇ ಇರುತ್ತದೆ ಅನ್ನುವ ಅನನ್ಯತೆಯ ಪ್ರಮೇಯದ ಷರತ್ತು ಮುರಿಯುತ್ತದೆ. ಬಾಯಿಪಾಠದ ಆ ಷರತ್ತು ಯಾಕೆ ಬೇಕು ಅಂತ ನನ್ನ ತರಗತಿಗೆ ಅರ್ಥವಾದದ್ದು ಈ ಖಾಲಿ ಬಾಟಲಿಯಿಂದ.

ಬನ್ನಿ, ಬಾಟಲಿ ತುಂಬಿದೆ. ಯಾರಾದರೂ ಫೋನಿನಲ್ಲಿ ಸ್ಟಾಪ್‌ವಾಚ್ ತೆಗೆಯಿರಿ, ನಾನು ತೂತಿನ ಮೇಲಿಂದ ಬೆರಳು ತೆಗೆಯುತ್ತೇನೆ.