ಬೆಶ್ಶಿಯ ತಾಮ್ರ, ಬೆಶ್ಶಿಯ ಹೊಗೆ

ಕೇಳುಗರಿಗೆ ನಮಸ್ಕಾರ.

ಜಪಾನಿನ ಸುಮಿಟೊಮೊ ಹೆಸರು ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. ಬ್ಯಾಂಕು, ರಾಸಾಯನಿಕ, ಭಾರಿ ಯಂತ್ರ, ಎಲ್ಲದರ ಮೇಲೂ ಆ ಹೆಸರಿದೆ. ಇವತ್ತು ನಾನು ಹೇಳಹೊರಟಿರುವುದು ಅವುಗಳಿಗೆಲ್ಲ ಮೂಲವಾದ ತಾಮ್ರದ ಕಸುಬಿನ ಕತೆ. ಈಗ ಆ ಕಸುಬು ಸುಮಿಟೊಮೊ ಮೆಟಲ್ ಮೈನಿಂಗ್ ಎಂಬ ಕಂಪನಿಯ ಕೈಯಲ್ಲಿದೆ.

ಶುರುವಾಗಿದ್ದು ಕ್ಯೋಟೊದಲ್ಲಿ, ಸುಮಾರು 400 ವರ್ಷಗಳ ಹಿಂದೆ. ಸುಮಿಟೊಮೊ ಮಸಾಟೊಮೊ ಮೊದಲು ಬೌದ್ಧ ಸನ್ಯಾಸಿ. ಆಮೇಲೆ ಪುಸ್ತಕ ಮತ್ತು ಔಷಧಿಯ ಅಂಗಡಿ ಇಟ್ಟರು. ತಾಮ್ರದ ಕೆಲಸ ಗೊತ್ತಿದ್ದದ್ದು ಅವರ ಭಾವ ಸೋಗಾ ರಿಯೆಮೊನ್‌ಗೆ. ಆಗಿನ ಜಪಾನೀ ತಾಮ್ರದಲ್ಲಿ ಒಂದಿಷ್ಟು ಬೆಳ್ಳಿ ಬೆರೆತಿರುತ್ತಿತ್ತು. ಅದನ್ನು ತೆಗೆಯಲು ಬರದೆ ತಾಮ್ರದ ಜೊತೆಗೇ ಮಾರಿಬಿಡುತ್ತಿದ್ದರು. ಕೊಂಡವರಿಗೆ ಬೆಳ್ಳಿ ಪುಕ್ಕಟೆ! ರಿಯೆಮೊನ್ ಕರಗಿದ ತಾಮ್ರಕ್ಕೆ ಸೀಸ ಬೆರೆಸಿದರು. ಆರಿದ ಗಟ್ಟಿಯನ್ನು ಮತ್ತೆ ಹದವಾಗಿ ಕಾಯಿಸಿದರೆ ಸೀಸ ಮೊದಲು ಕರಗಿ ಇಳಿಯುತ್ತದೆ. ಇಳಿಯುವಾಗ ಬೆಳ್ಳಿಯನ್ನೂ ಎಳೆದುಕೊಂಡು ಬರುತ್ತದೆ. ನೋಡಿ, ಎಷ್ಟು ಸರಳ!

ರಿಯೆಮೊನ್ ಮಗ ಟೊಮೊಮೊಚಿ ಮದುವೆಯಾಗಿದ್ದು ಮಸಾಟೊಮೊ ಅವರ ಮಗಳನ್ನು. ಅಂದರೆ ಸೋದರಮಾವನ ಮಗಳನ್ನು. ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಮಾವನ ಮನೆತನದ ಹೆಸರು, ಅಪ್ಪನ ಕುಲುಮೆ, ಎರಡೂ ಹೀಗೆ ಒಂದಾದವು. ಟೊಮೊಮೊಚಿ ಒಸಾಕಾಗೆ ಹೋಗಿ ಕುಲುಮೆ ಹೂಡಿದರು. ಬೆಳ್ಳಿ ತೆಗೆಯುವ ಗುಟ್ಟನ್ನು ಅಲ್ಲಿನ ಬೇರೆ ಕಸುಬಿನವರಿಗೂ ಹೇಳಿಕೊಟ್ಟರಂತೆ.

1690ರಲ್ಲಿ ಶಿಕೊಕು ದ್ವೀಪದ ಬೆಶ್ಶಿ ಬೆಟ್ಟದಲ್ಲಿ ತಾಮ್ರದ ಅದಿರು ಸಿಕ್ಕಿತು. ಮರುವರ್ಷವೇ ಗಣಿ ತೆರೆಯಿತು. ಮೊದಲ ಸುರಂಗಕ್ಕೆ ಇಟ್ಟ ಹೆಸರು 'ಕಾಂಕಿ', ಅಂದರೆ ಸಂತೋಷ. ಸಂತೋಷವೇನೋ ಸರಿ, ತಾಮ್ರವನ್ನು ಬೆಟ್ಟದಿಂದ ಇಳಿಸಬೇಕಲ್ಲ? ಗಂಡಸರು 45 ಕಿಲೋ, ಹೆಂಗಸರು 30 ಕಿಲೋ ಬೆನ್ನ ಮೇಲೆ ಹೊತ್ತು ಇಳಿಯುತ್ತಿದ್ದರು. ಹತ್ತುವಾಗ ಅಕ್ಕಿ, ಸಾಮಾನು. ಇಂಥ ಬೆನ್ನುಗಳ ಮೇಲೆ ಇಳಿದ ಜಪಾನಿನ ತಾಮ್ರ ನಾಗಸಾಕಿಯಲ್ಲಿ ಡಚ್ಚರ ಹಡಗು ಹತ್ತುತ್ತಿತ್ತು. ಬಹಳಷ್ಟು ಬರುತ್ತಿದ್ದದ್ದು ನಮ್ಮ ಭಾರತಕ್ಕೇ: ಕೋರಮಂಡಲ ಕರಾವಳಿಗೆ, ಬಂಗಾಳಕ್ಕೆ, ಸೂರತ್ತಿಗೆ. ಇಲ್ಲಿ ಅದು ನಾಣ್ಯವಾಯಿತು, ಪಾತ್ರೆಯಾಯಿತು. ನಿಮ್ಮ ಅಜ್ಜಿಯ ಬಚ್ಚಲಿನ ಹಂಡೆ ಜಪಾನಿನದು ಎಂದು ನಾನು ಹೇಳುತ್ತಿಲ್ಲ, ಸುಮ್ನೆ ಒಂದು ಮಾತು.

19ನೇ ಶತಮಾನದ ಕೊನೆಗೆ ಫ್ರೆಂಚ್ ಎಂಜಿನಿಯರ್ ಬಂದರು, ಹೊಸ ಯಂತ್ರಗಳು ಬಂದವು. 1893ರಲ್ಲಿ ಗಣಿಗೆ ರೈಲೂ ಬಂತು. ಕೆಳಗೆ ನೀಹಾಮಾ ಊರಿನಲ್ಲಿ ದೊಡ್ಡ ಕುಲುಮೆಗಳು ಎದ್ದವು. ಬೆಶ್ಶಿಯ ಅದಿರಿನಲ್ಲಿ ಗಂಧಕ ಜಾಸ್ತಿ. ಅದರ ಹೊಗೆ ಗದ್ದೆಗೆ ಇಳಿದರೆ ಪೈರು ಉಳಿಯುತ್ತದೆಯೇ? ಅದೇ ವರ್ಷ ರೈತರು ತಿರುಗಿಬಿದ್ದರು. ಮೇಲೆ ಬೆಟ್ಟವೂ ಬೋಳು. ಸೌದೆಗೆಂದು ಮರಗಳನ್ನು ಕಡಿದಿದ್ದರು, ಉಳಿದದ್ದನ್ನು ಹೊಗೆ ತಿಂದಿತ್ತು. 1899ರ ಮಳೆಗೆ ಬೆಟ್ಟವೇ ಕುಸಿದು 500ಕ್ಕೂ ಹೆಚ್ಚು ಜನ ಸತ್ತರು.

ಗಣಿಯ ಹೊಣೆ ಹೊತ್ತಿದ್ದ ಇಬಾ ತೇಗೊ ಅಷ್ಟರಲ್ಲಾಗಲೇ ಎರಡು ಕೆಲಸ ಹಿಡಿದಿದ್ದರು. ಒಂದು, ಬೋಳು ಬೆಟ್ಟಕ್ಕೆ ಗಿಡ ನೆಡಿಸುವುದು. ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಸಸಿ ನೆಟ್ಟದ್ದುಂಟು. ಇನ್ನೊಂದು, ಕುಲುಮೆಗಳನ್ನೇ ಸಮುದ್ರದ ನಡುವಿನ ಶಿಸಾಕಾ ನಡುಗಡ್ಡೆಗಳಿಗೆ ಸಾಗಿಸುವುದು. ದಡದಿಂದ ಸುಮಾರು 20 ಕಿಲೋಮೀಟರ್. ಅಲ್ಲಿ ಜನ ಇಲ್ಲ, ಕುಡಿಯುವ ನೀರೂ ಇಲ್ಲ. ನೀರನ್ನು ದೋಣಿಯಲ್ಲಿ ತರಿಸಬೇಕಿತ್ತು. ಇಷ್ಟು ಖರ್ಚು ಮಾಡಿ 1905ರಲ್ಲಿ ಕುಲುಮೆ ಹೊತ್ತಿಸಿದರು. ಆದದ್ದೇನು? ಗಾಳಿ ಹೊಗೆಯನ್ನು ಮತ್ತೆ ದಡಕ್ಕೇ ತಂದಿತು. ಮೊದಲು ಒಂದು ಊರಿನ ಗೋಳಾಗಿದ್ದದ್ದು ಈಗ ಹತ್ತಾರು ಊರುಗಳ ಗೋಳಾಯಿತು.

ಇಬಾ ಅವರನ್ನು ಇಂದು ಎಲ್ಲರೂ ಹೊಗಳುತ್ತಾರೆ. ಅವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ನನಗೆ ಈ ಕತೆಯಲ್ಲಿ ದೊಡ್ಡವರಾಗಿ ಕಾಣುವುದು ಜಗ್ಗದ ಆ ರೈತರು. 1910ರಲ್ಲಿ ಕಂಪನಿ ಅವರೊಡನೆ ಒಪ್ಪಂದಕ್ಕೆ ಬಂತು. ಪರಿಹಾರ ಕೊಡಬೇಕು, ಕರಗಿಸುವ ಅದಿರಿಗೆ ಮಿತಿ ಇರಬೇಕು, ಪೈರಿನ ಮುಖ್ಯ ದಿನಗಳಲ್ಲಿ ಕುಲುಮೆಯ ಕೆಲಸ ಇನ್ನೂ ತಗ್ಗಿಸಬೇಕು. ಆಗ ಕಂಪನಿ ಹೊಗೆಗೆ ಬೇರೆ ದಾರಿ ಹುಡುಕಲೇಬೇಕಾಯಿತು. 1913ರಲ್ಲಿ ಗಂಧಕದಿಂದ ಗೊಬ್ಬರ ಮಾಡುವ ಕಾರ್ಖಾನೆ ಶುರುವಾಯಿತು. ಅದೇ ಬೆಳೆದು ಸುಮಿಟೊಮೊ ಕೆಮಿಕಲ್ ಆಯಿತು. ಪೈರು ಸುಟ್ಟ ಗಂಧಕವೇ ಪೈರಿಗೆ ಗೊಬ್ಬರವಾಗಿ ಹೋಯಿತು! ಹೊಗೆಯ ಕಾಟ ಪೂರ್ತಿ ನಿಂತದ್ದು ಮಾತ್ರ 1939ರಲ್ಲಿ.

ಯುದ್ಧದ ನಂತರ ಅಮೆರಿಕನ್ನರು ದೊಡ್ಡ ಮನೆತನಗಳ ಉದ್ಯಮಗಳನ್ನು ಒಡೆದರು. ಗಣಿ ಕಂಪನಿ ಕೆಲವು ವರ್ಷ ಸುಮಿಟೊಮೊ ಹೆಸರನ್ನೂ ಬಿಡಬೇಕಾಯಿತು. ಈಗಿನ ಹೆಸರು ಬಂದದ್ದು 1952ರಲ್ಲಿ. ಆ ಹೊತ್ತಿಗೆ ಬೆಶ್ಶಿ ಮುದಿಯಾಗಿತ್ತು. ಸುಮಾರು 1,200 ಮೀಟರ್ ಎತ್ತರದಲ್ಲಿ ಶುರುವಾದ ಅಗೆತ ಕೊನೆಗೆ ಸಮುದ್ರಮಟ್ಟಕ್ಕಿಂತ ಸುಮಾರು 1,000 ಮೀಟರ್ ಕೆಳಗೆ ಹೋಗಿತ್ತು. ಅಲ್ಲಿ ಬಂಡೆಯ ಬಿಸಿಯೇ 50 ಡಿಗ್ರಿ ದಾಟುತ್ತಿತ್ತು. 1973ರಲ್ಲಿ ಗಣಿ ಮುಚ್ಚಿದರು. ಕಂಪನಿ ಈಗ ಕಗೋಶಿಮಾದ ಹಿಶಿಕಾರಿಯಲ್ಲಿ ಚಿನ್ನ ತೆಗೆಯುತ್ತದೆ, ಬ್ಯಾಟರಿಗೆ ಬೇಕಾದ ನಿಕ್ಕಲ್ ಸಾಮಗ್ರಿ ಮಾಡುತ್ತದೆ.

ಬೆಶ್ಶಿಗೆ ಇವತ್ತು ಹೋದರೆ ಕಾಡಿನೊಳಗೆ ನಡೆಯಬೇಕು. ಕಾಂಕಿ ಸುರಂಗದ ಬಾಯಿ ಸಿಗುವುದು ಆ ಮರಗಳ ನಡುವೆಯೇ.

ನಮಸ್ಕಾರ.