ಜೂನ್‌ಗೆ ಕಾಯಬೇಡಿ, ಭರಣಿಗೇ ತಯಾರಾಗಿ

ಎಲ್ಲರಿಗೂ ನಮಸ್ಕಾರ. ಕಾಂಪ್ಲೆಕ್ಸ್, ಆಫೀಸು ಕಟ್ಟಡ, ಲಾಡ್ಜ್, ಕಲ್ಯಾಣ ಮಂಟಪ ನೋಡಿಕೊಳ್ಳುವ ಇಷ್ಟು ಜನ ಒಂದೇ ಕಡೆ ಸೇರುವುದು ಅಪರೂಪ. ನಾನೂ ಮೈಸೂರಿನಲ್ಲಿ ಇಪ್ಪತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಹಾಗಾಗಿ ನಿಮ್ಮ ಹತ್ತಿರ ನೇರವಾಗಿಯೇ ಮಾತಾಡುತ್ತೇನೆ.

ಮಳೆಗಾಲದ ಕೆಲಸ ಯಾವಾಗ ಶುರು ಮಾಡುತ್ತೀರಿ ಅಂತ ಕೇಳಿದರೆ ಹೆಚ್ಚಿನವರು ಮೇ ಕೊನೆಯಲ್ಲಿ ಅನ್ನುತ್ತೀರಿ, ಅಲ್ವಾ? ಆ ಲೆಕ್ಕ ಮಂಗಳೂರಿಗೆ ಸರಿ. ನಮ್ಮೂರಿಗೆ ತಡ. ಮೈಸೂರಿಗೆ ವರ್ಷಕ್ಕೆ ಬೀಳುವುದು ಸುಮಾರು 800 ಮಿಲಿಮೀಟರ್ ಮಳೆ. ಅದರಲ್ಲಿ ಜೂನ್, ಜುಲೈಗಿಂತ ಮೇ ಮತ್ತು ಅಕ್ಟೋಬರ್ ತಿಂಗಳ ಪಾಲೇ ಜಾಸ್ತಿ. ರೈತರಿಗೆ ಇದು ಯಾವತ್ತೂ ಗೊತ್ತು. ಅವರ ಮಳೆ ನಕ್ಷತ್ರದ ಲೆಕ್ಕದಲ್ಲಿ ಏಪ್ರಿಲ್ ಕೊನೆಗೆ ಭರಣಿ, ಮೇ ಎರಡನೇ ವಾರಕ್ಕೆ ಕೃತ್ತಿಕೆ. ಆಮೇಲೆ ಸೆಪ್ಟೆಂಬರ್ ಕೊನೆಗೆ ಹಸ್ತ, ಅಕ್ಟೋಬರ್ ಎರಡನೇ ವಾರಕ್ಕೆ ಚಿತ್ತೆ. ಮಂಡ್ಯದ ಕಡೆ ನಮ್ಮಜ್ಜ ಈ ಲೆಕ್ಕದಲ್ಲೇ ಹೊಲಕ್ಕೆ ಇಳಿಯುತ್ತಿದ್ದರು. ಕಟ್ಟಡಕ್ಕೂ ಅದೇ ಲೆಕ್ಕ ಇಟ್ಟುಕೊಳ್ಳಿ. ಯುಗಾದಿಯೊಳಗೆ ಒಂದು ಸುತ್ತು ಕೆಲಸ ಮುಗಿಯಲಿ. ಗಣೇಶನ ಹಬ್ಬದ ಹೊತ್ತಿಗೆ ಇನ್ನೊಂದು ಸುತ್ತು.

ಯುಗಾದಿಯ ಸುತ್ತಿನಲ್ಲಿ ಮೊದಲ ಕೆಲಸ ತಾರಸಿ. ಶಿವರಾತ್ರಿ ಆದಮೇಲೆ ನಮ್ಮ ರಸ್ತೆಗಳ ಹೊಂಗೆ ಮರ ಎಲೆ ಉದುರಿಸುತ್ತದೆ. ಆ ಎಲೆಯೆಲ್ಲ ತಾರಸಿಯ ಮೂಲೆಯಲ್ಲಿ ಒಣಗಿ ಕೂತಿರುತ್ತದೆ. ಮೊದಲ ಮಳೆಗೆ ತೇಲಿಕೊಂಡು ಹೋಗಿ ಪೈಪಿನ ಬಾಯಿಗೆ ಅಂಟುತ್ತದೆ. ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ನಿಮ್ಮ ತಾರಸಿ 5,000 ಚದರ ಅಡಿ ಇದೆ ಅಂದುಕೊಳ್ಳಿ. ಒಂದು ಸಂಜೆ 50 ಮಿಲಿಮೀಟರ್ ಮಳೆ ಬಿದ್ದರೆ ಅದರ ಮೇಲೆ ಬಂದ ನೀರು 23,000 ಲೀಟರ್. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಅಷ್ಟೂ ನೀರು, ಅಂದರೆ 23 ಟನ್ ಭಾರ, ನಿಮ್ಮ ಬಾಡಿಗೆದಾರರ ತಲೆ ಮೇಲೆ ನಿಂತಿರುತ್ತದೆ. ಆ ನೀರನ್ನು ಅಲ್ಲೇ ತಡೆದು ನಿಲ್ಲಿಸಲು ಪೈಪಿನ ಬಾಯಿಗೆ ಸಿಕ್ಕಿದ ಒಂದು ಹಾಲಿನ ಕವರ್ ಸಾಕು.

ಬೇಸಿಗೆಯ ಉಳಿದ ವಿಷಯ ನಿಮಗೆ ಗೊತ್ತಿರುವುದೇ. ಸಂಪ್ ತೊಳೆಸುವುದು, ಎಸಿ ಸರ್ವೀಸ್, ಟ್ಯಾಂಕರ್‌ನವರ ನಂಬರ್. ಒಂದನ್ನು ಮಾತ್ರ ಬಹಳ ಜನ ಮರೆಯುತ್ತಾರೆ. ನೆಲ ಒಣಗಿದಾಗ ಅರ್ತಿಂಗ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಅರ್ತಿಂಗ್ ಗುಂಡಿಗೆ ಆಗಾಗ ನೀರು ಹಾಕಿಸಿ, ಎಲೆಕ್ಟ್ರಿಷಿಯನ್ ಕರೆಸಿ ಅಳತೆ ತೆಗೆಸಿ.

ಈಗ ಎರಡನೇ ಸುತ್ತಿನ ಮಾತು. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಹಸ್ತ, ಚಿತ್ತೆ ಬರುವ ಹೊತ್ತಿಗೇ ನಮ್ಮೂರಿನಲ್ಲಿ ದಸರಾ. ವರ್ಷದ ದೊಡ್ಡ ವ್ಯಾಪಾರ, ದೊಡ್ಡ ಜನಸಂದಣಿ, ಕಟ್ಟಡದ ಮೈತುಂಬ ಸೀರಿಯಲ್ ಲೈಟು, ಮೇಲಿಂದ ಮಳೆ. ಎಲ್ಲ ಒಟ್ಟಿಗೇ ಬರುತ್ತವೆ.

ನಾನು ನೋಡಿಕೊಳ್ಳುತ್ತಿದ್ದ ಒಂದು ಕಾಂಪ್ಲೆಕ್ಸಿನಲ್ಲಿ ನಡೆದದ್ದು. ಆಯುಧಪೂಜೆ ಮುಗಿದಿತ್ತು. ಅಂಗಡಿಯವರು ಬಾಳೆಕಂದು, ಮಾವಿನ ತೋರಣ, ಚೆಂಡು ಹೂವು ಎಲ್ಲವನ್ನೂ ಪಕ್ಕದ ಮೋರಿಗೆ ನೂಕಿದ್ದರು. ಆ ರಾತ್ರಿ ಚಿತ್ತೆ ಮಳೆ ಹೊಡೆಯಿತು. ಮೋರಿ ಕಟ್ಟಿಕೊಂಡಿತು, ನೀರು ರ್‍ಯಾಂಪ್ ಇಳಿದು ಬೇಸ್‌ಮೆಂಟಿಗೆ ಬಂತು. ಪಂಪ್ ಇತ್ತು. ಆದರೆ ಅದರ ಸ್ವಿಚ್ ಬೋರ್ಡ್ ಅದೇ ಬೇಸ್‌ಮೆಂಟಿನ ಗೋಡೆಯಲ್ಲಿ, ಮೊಣಕಾಲೆತ್ತರದಲ್ಲಿತ್ತು. ನೀರು ಅಲ್ಲಿಗೆ ಮುಟ್ಟುತ್ತಲೇ ಟ್ರಿಪ್ ಆಯಿತು. ಬೆಳಿಗ್ಗೆ ಹೋದಾಗ ಬಟ್ಟೆ ಅಂಗಡಿಯವರು ಮೆಟ್ಟಿಲ ಮೇಲೆ ಕೂತು ದೀಪಾವಳಿಗೆ ತರಿಸಿದ್ದ ಸೀರೆಗಳನ್ನು ಒಂದೊಂದಾಗಿ ಹಿಂಡುತ್ತಿದ್ದರು. ಕೆಂಪು ಸೀರೆಯ ಬಣ್ಣ ಪಕ್ಕದ ಬಿಳಿ ಅಂಚಿಗೆಲ್ಲ ಹತ್ತಿತ್ತು. ಅವರು ನನ್ನನ್ನು ಬೈಯಲಿಲ್ಲ. ಆ ಬೋರ್ಡ್ ಅಲ್ಲಿದೆ ಅಂತ ನನಗೆ ಎರಡು ವರ್ಷದಿಂದ ಗೊತ್ತಿತ್ತು.

ಅದಕ್ಕೇ ಕೇಳುತ್ತಿದ್ದೇನೆ. ಪಂಪಿನ ಬೋರ್ಡನ್ನು ಮೇಲಿನ ಮಹಡಿಗೆ ತನ್ನಿ. ಒಂದರ ಬದಲು ಎರಡು ಪಂಪ್ ಇರಲಿ. ಎರಡಕ್ಕೂ ಜನರೇಟರ್ ಸಂಪರ್ಕ ಇರಲಿ. ಜನರೇಟರನ್ನು ಬೇಸ್‌ಮೆಂಟಿನಲ್ಲಿ ಓಡಿಸಲೇಬೇಡಿ, ಅದರ ಹೊಗೆ ಜೀವ ತೆಗೆಯುತ್ತದೆ. ಆಯುಧಪೂಜೆಯ ಮಾರನೇ ದಿನ ಬೆಳಿಗ್ಗೆ ಆರಕ್ಕೆ ಹೂವು, ಕಂದು ಎತ್ತಲು ಇಬ್ಬರು ಆಳಿಗೆ ಮೊದಲೇ ಹೇಳಿಡಿ. ಹಬ್ಬದ ಕೂಲಿ ಜಾಸ್ತಿ ಕೇಳುತ್ತಾರೆ, ಕೊಡಿ.

ಸೀರಿಯಲ್ ಲೈಟ್ ಹಾಕಿಸುವವರು ವೈರಿನ ಜಾಯಿಂಟ್‌ಗೆ ಸುಮ್ನೆ ಟೇಪು ಸುತ್ತಿ ಹೋಗುತ್ತಾರೆ. ಮಳೆ ನೀರು ಇಳಿಯುವ ಕಡೆ ಆ ಜಾಯಿಂಟ್ ಇರಬಾರದು. ಆ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್, ಹಾಕಿಸಿ, ಟೆಸ್ಟ್ ಬಟನ್ ನಿಮ್ಮ ಕೈಯಲ್ಲೇ ಒತ್ತಿ ನೋಡಿ.

ಸಯ್ಯಾಜಿರಾವ್ ರಸ್ತೆಯ ಕಡೆಯವರಿಗೆ ಇನ್ನೊಂದು ಮಾತು. ಜಂಬೂಸವಾರಿ ನೋಡಲು ಜನ ಎಲ್ಲಿ ಜಾಗ ಸಿಕ್ಕರೂ ಹತ್ತುತ್ತಾರೆ. ಸಜ್ಜೆ, ಪ್ಯಾರಾಪೆಟ್, ಬೋರ್ಡಿನ ಚೌಕಟ್ಟು, ಎಲ್ಲಕ್ಕೂ. ತಾರಸಿಗೆ ಬೀಗ ಹಾಕಿದರೆ ಆಯಿತು ಅಂತ ಕೆಲವರು ಅಂದುಕೊಳ್ಳುತ್ತಾರೆ. ಕೆಳಗೆ ಬೆಂಕಿ ಬಿದ್ದರೆ ಒಳಗಿನವರು ಎಲ್ಲಿಗೆ ಹೋಗಬೇಕು? ಬೀಗದ ಬದಲು ಮನುಷ್ಯನನ್ನು ನಿಲ್ಲಿಸಿ. ಮೆಟ್ಟಿಲ ಮೇಲೆ ಅಂಗಡಿಯ ರಟ್ಟಿನ ಪೆಟ್ಟಿಗೆ ಇಡಲು ಬಿಡಬೇಡಿ. ಈ ವಿಷಯಕ್ಕೆ ಬಾಡಿಗೆದಾರರ ಜೊತೆ ಜಗಳ ಆದರೆ ಆಗಲಿ.

ಹಳೆಯ ಕಟ್ಟಡ ನೋಡಿಕೊಳ್ಳುವವರಿಗೆ ನನ್ನ ಮನಸ್ಸಿನಲ್ಲಿ ಬೇರೆಯೇ ಆತಂಕ ಇದೆ. 2012ರ ಆಗಸ್ಟ್‌ನಲ್ಲಿ ನಮ್ಮೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ತೀರಿಕೊಂಡರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ಬಾಗಿಲಿನ ಕಡೆ ಕುಸಿಯಿತು. ನಿಮ್ಮಲ್ಲಿ ಕೆಲವರ ಕಟ್ಟಡಕ್ಕೆ ಇವತ್ತಿಗೂ ಮದ್ರಾಸ್ ತಾರಸಿ ಇದೆ. ಮರದ ತೊಲೆ, ಅದರ ಮೇಲೆ ನಿಲ್ಲಿಸಿ ಕಟ್ಟಿದ ಇಟ್ಟಿಗೆ, ಸುಣ್ಣದ ಗಾರೆ. ಅದರ ತೊಲೆ ನಡುವೆ ಗಟ್ಟಿಯಾಗಿಯೇ ಕಾಣುತ್ತದೆ. ಕೊಳೆಯುವುದು ತುದಿ, ಗೋಡೆಯೊಳಗೆ ಹೂತಿರುವ ಒಂದಡಿ. ಅಲ್ಲಿ ಗಾಳಿ ಆಡುವುದಿಲ್ಲ, ಒದ್ದೆ ಆರುವುದಿಲ್ಲ. ಗೋಡೆ ಮತ್ತು ತೊಲೆ ಸೇರುವ ಕಡೆ ಸ್ಕ್ರೂಡ್ರೈವರ್ ತುದಿ ಒತ್ತಿ ನೋಡಿ. ಮರಕ್ಕೆ ಸಲೀಸಾಗಿ ಇಳಿದರೆ ಅವತ್ತೇ ಕೆಳಗಿನ ಅಂಗಡಿ ಖಾಲಿ ಮಾಡಿಸಿ, ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ. ಮೇಲೆ ಸಿಮೆಂಟ್ ಬಳಿಸುವುದು ಪರಿಹಾರ ಅಲ್ಲ. ಸಿಮೆಂಟ್ ಬಿರುಕು ಬಿಟ್ಟರೆ ಒಳಗಿಳಿದ ನೀರು ಸುಣ್ಣದಲ್ಲೇ ಸಿಕ್ಕಿಕೊಳ್ಳುತ್ತದೆ, ಮೇಲೆ ಭಾರವೂ ಕೂಡುತ್ತದೆ. ಮಾಲೀಕರು ದುಡ್ಡಿಲ್ಲ ಅಂದರೆ ನೋಡಿದ್ದನ್ನು ಫೋಟೊ ಸಮೇತ ಬರೆದು ಕೊಡಿ.

ಚಳಿಗಾಲದಲ್ಲಿ ನಮಗೆ ಅಂಥ ಕಷ್ಟವಿಲ್ಲ. ರಿಪೇರಿ, ಬಣ್ಣ, ವಾಟರ್‌ಪ್ರೂಫಿಂಗ್ ಎಲ್ಲ ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಮುಗಿಸಿ. ಗೋಡೆ ಒಣಗಿರುವ ಕಾಲ ಅದು.

ಇನ್ನು ಮಾತು ಸಾಕು. ಟೀ ಕುಡಿದು ಈ ಕಟ್ಟಡದ ತಾರಸಿಗೇ ಹೋಗೋಣ. ಎರಡು ಬಕೆಟ್ ನೀರು ಮೇಲೆ ಇಡಿಸಿದ್ದೇನೆ. ಪ್ರತಿ ಪೈಪಿನ ಬಾಯಿಗೆ ನೀರು ಸುರಿಯೋಣ. ಇಬ್ಬರು ಕೆಳಗೆ ನಿಂತು, ಎಷ್ಟು ಹೊತ್ತಿಗೆ ಎಷ್ಟು ನೀರು ಬಂತು ಅಂತ ಕೂಗಿ ಹೇಳಲಿ.